ಸಹಾಯ ಬೇಕು: ಅಟ್ಲಾಂಟಾದಲ್ಲಿ ನ್ಯಾಶ್‌ವಿಲ್‌ನ 650 ಎಎಂ ರೇಡಿಯೊ ಸರಿಯಾಗಿ ಕೇಳುತ್ತಿಲ್ಲ

ನಮಸ್ಕಾರ. ಊರಿಂದ ಬಂದಿರುವ ನಮ್ಮ ಮಾವನವರಿಗೆ ಇಲ್ಲಿಯ ಹಳ್ಳಿ ಸೊಗಡಿನ ಕಂಟ್ರಿ ಸಂಗೀತ ತುಂಬಾ ಹಿಡಿಸಿದೆ. ನ್ಯಾಶ್‌ವಿಲ್‌ನ ಡಬ್ಲ್ಯೂಎಸ್‌ಎಂ ಸ್ಟೇಷನ್‌ನಲ್ಲಿ (ಅದೇ 650 ಎಎಂ) ಶನಿವಾರ ರಾತ್ರಿ ಗ್ರ್ಯಾಂಡ್ ಓಲ್ ಆಪ್ರಿ ಬರುತ್ತದಲ್ಲ, 1925ರಿಂದ ನಡೆದುಬಂದಿರುವ ಕಂಟ್ರಿ ಹಾಡುಗಳ ಕಾರ್ಯಕ್ರಮ, ಅದಕ್ಕೇ ಕಾಯುತ್ತಿರುತ್ತಾರೆ. ಫಿಡಲ್ ಶುರುವಾದರೆ ಕುರ್ಚಿಯ ಕೈ ಮೇಲೆ ಬೆರಳಲ್ಲೇ ತಾಳ. ಮೊಬೈಲ್‌ನಲ್ಲಿ ಹಾಕಿಕೊಟ್ಟೆ, ಬೇಡ ಅಂದರು. ಆಕಾಶವಾಣಿ ಕೇಳಿ ಬೆಳೆದವರು, ರೇಡಿಯೊ ಕಿವಿ ತಾವೇ ತಿರುಗಿಸಬೇಕು.

ಹಗಲು ಸ್ಟೇಷನ್ ಸಿಗುವುದೇ ಕಷ್ಟ. ಕತ್ತಲಾದ ಮೇಲೆ ಚೆನ್ನಾಗಿ ಬರುತ್ತದೆ, ಆದರೆ ಹಾಡಿನ ನಡುವೆ ದನಿ ಮೆಲ್ಲಗೆ ಇಳಿದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಏರುತ್ತದೆ. ಜೊತೆಗೆ ಗುಂಯ್ ಅನ್ನುವ ಸದ್ದು. ಎಲ್‌ಇಡಿ ದೀಪ, ಚಾರ್ಜರ್ ಎಲ್ಲ ಆರಿಸಿ, ರೇಡಿಯೊಗೆ ಸೆಲ್ ಹಾಕಿ ಕಿಟಕಿ ಹತ್ತಿರ ಇಟ್ಟೆ. ಗುಂಯ್ ಸದ್ದು ಕಡಿಮೆಯಾಯಿತು. ಏರಿಳಿತ ಮಾತ್ರ ಹಾಗೇ ಇದೆ. ಉದ್ದದ ಏರಿಯಲ್ ಎಳೆದು ನೋಡಿದೆ. ಅದು ಎಫ್‌ಎಂಗೆ, ಎಎಂಗೆ ರೇಡಿಯೊ ಒಳಗೇ ಇರುವ, ತಂತಿ ಸುತ್ತಿದ ಫೆರೈಟ್ ಕಡ್ಡಿಯೇ ಏರಿಯಲ್ ಅಂತ ಆಮೇಲೆ ಗೊತ್ತಾಯಿತು.

ರಾತ್ರಿ ಅಲೆಗಳು ಆಕಾಶದ ಮೇಲ್ಪದರಕ್ಕೆ ತಾಗಿ ಬರುವುದರಿಂದ ಹೀಗಾಗುತ್ತದೆ ಅಂತಾರೆ. ಹಾಗಿದ್ದರೆ ಲೂಪ್ ಆಂಟೆನಾ (ತಂತಿಯನ್ನು ಸುತ್ತು ಸುತ್ತಾಗಿ ಸುತ್ತಿದ ಏರಿಯಲ್) ತಂದು ರೇಡಿಯೊ ಪಕ್ಕ ಇಟ್ಟರೆ ಈ ಏರಿಳಿತ ಕಡಿಮೆಯಾಗುತ್ತಾ, ಇಲ್ಲಾ ಸುಮ್ನೆ ದುಡ್ಡು ದಂಡವಾ? ಮಾವ ಇಲ್ಲಿರುವುದು ಇನ್ನು ಮೂರೇ ಶನಿವಾರ. ಬಳಸಿ ನೋಡಿದವರು ದಯವಿಟ್ಟು ಹೇಳಿ.