ವಿದ್ಯುದ್ದರ್ಶಕದ ಪಟ್ಟಿಗಳು ಅಗಲಿ ತಕ್ಷಣ ಕೂಡಿಕೊಳ್ಳುತ್ತಿವೆ, ಎಲ್ಲಿ ತಪ್ಪು?

ಕಡಲತೀರದ ಟೀಚರ್: ಎಂಟನೇ ತರಗತಿಗೆ ಜಾಮ್ ಬಾಟಲಿಯಲ್ಲಿ ವಿದ್ಯುದ್ದರ್ಶಕ (ವಸ್ತುವಿನಲ್ಲಿ ಚಾರ್ಜ್ ಇದೆಯೇ ಎಂದು ತೋರಿಸುವ ಸಾಧನ) ಮಾಡಿದ್ದೇನೆ. ಬಾಯಿಗೆ ರಟ್ಟು, ಅದರಲ್ಲಿ ತೂರಿಸಿದ ಪೇಪರ್ ಕ್ಲಿಪ್, ಕ್ಲಿಪ್ಪಿಗೆ 4 ಸೆಂ.ಮೀ. ಉದ್ದ, 1 ಸೆಂ.ಮೀ. ಅಗಲದ ಎರಡು ಅಲ್ಯೂಮಿನಿಯಂ ಪಟ್ಟಿ. ಪಾಲಿಥೀನ್ ಚೀಲಕ್ಕೆ ಉಜ್ಜಿದ ರೀಫಿಲ್ ಮುಟ್ಟಿಸಿದರೆ ಪಟ್ಟಿಗಳು ಚೂರು ಅಗಲುತ್ತವೆ. ರೀಫಿಲ್ ತೆಗೆದ ಕೂಡಲೇ ಮತ್ತೆ ಕೂಡಿಕೊಳ್ಳುತ್ತವೆ. ಬಳ್ಳಾರಿಯಲ್ಲಿದ್ದಾಗ ಇದು ಒಂದೇ ಸಲಕ್ಕೆ ಆಗುತ್ತಿತ್ತು. ಈಗಿರುವುದು ಕುಂದಾಪುರ, ಜುಲೈ ಮಳೆ. ಸೋಮವಾರ ಮಕ್ಕಳಿಗೆ ತೋರಿಸಬೇಕು.

ಹಳೇ ಲ್ಯಾಬ್: ರೀಫಿಲ್ ಕಾಗದದ ಚೂರುಗಳನ್ನು ಎಳೆಯುತ್ತಾ? ಎಳೆದರೆ ಉಜ್ಜುವುದರಲ್ಲಿ ತೊಂದರೆ ಇಲ್ಲ. ನನ್ನ ಅನುಮಾನ ರಟ್ಟಿನ ಮೇಲೆ. ಹಪ್ಪಳವೇ ಮೆತ್ತಗಾಗುವ ಊರಲ್ಲಿ ರಟ್ಟು ಒಣಗಿರುತ್ತಾ? ಅದರ ತೇವದಲ್ಲೇ ಚಾರ್ಜ್ ಗಾಜಿಗೆ, ಮೇಜಿಗೆ, ಆಮೇಲೆ ನೆಲಕ್ಕೆ ಸೋರಿಹೋಗುತ್ತದೆ. ರಟ್ಟು ಬಿಸಾಡಿ ಥರ್ಮಾಕೋಲ್ ಹಾಕಿ. ಬಾಟಲಿಗೆ ಹೇರ್ ಡ್ರೈಯರ್ ಹಿಡಿದು ಒಣಗಿಸಿ. ಪಟ್ಟಿ ಹಾಕುವ ಮೊದಲೇ ಒಣಗಿಸಿ, ಇಲ್ಲದಿದ್ದರೆ ಹಾರಿಹೋಗುತ್ತವೆ!

ಕಡಲತೀರದ ಟೀಚರ್: ಕಾಗದ ಚೆನ್ನಾಗಿ ಎಳೆಯುತ್ತದೆ. ಥರ್ಮಾಕೋಲ್ ಹಾಕಿದೆ, ಒಣಗಿಸಿದೆ. ಆದರೂ ಅದೇ ಕಥೆ.

ತಂತಿ-ಬಲ್ಬು: ಮೇಡಂ, ಒಂದು ಪರೀಕ್ಷೆ ಮಾಡಿ. ರೀಫಿಲ್ ಮುಟ್ಟಿಸಬೇಡಿ, ಕ್ಲಿಪ್ಪಿನಿಂದ ಒಂದು ಸೆಂ.ಮೀ. ದೂರದಲ್ಲಿ ಸುಮ್ನೆ ಹಿಡಿಯಿರಿ. ಆಗಲೂ ಪಟ್ಟಿ ಅಗಲಿ, ದೂರ ಸರಿಸಿದಾಗ ಕೂಡಿಕೊಂಡರೆ ನೀವು ನೋಡುತ್ತಿರುವುದು ಬರೀ ಪ್ರೇರಣೆ, ಅಂದರೆ ರೀಫಿಲ್ ಹತ್ತಿರ ಬಂದಾಗ ಕ್ಲಿಪ್ಪು, ಪಟ್ಟಿಗಳಲ್ಲೇ ಇರುವ ಚಾರ್ಜ್ ಅತ್ತಿತ್ತ ಸರಿಯುವುದು. ರೀಫಿಲ್ಲಿನ ಚಾರ್ಜ್ ಒಳಗೆ ಹೋಗಿಯೇ ಇಲ್ಲ, ಸೋರುವ ಮಾತು ಆಮೇಲೆ. ಪ್ಲಾಸ್ಟಿಕ್ಕಿನಲ್ಲಿ ಚಾರ್ಜ್ ಹರಿಯುವುದಿಲ್ಲ ಅಲ್ವಾ? ಮುಟ್ಟಿದ ಜಾಗದಲ್ಲಿ ಎಷ್ಟಿದೆಯೋ ಅಷ್ಟೇ ದಾಟುತ್ತದೆ. ರೀಫಿಲ್ಲನ್ನು ತಿರುಗಿಸುತ್ತಾ, ಉದ್ದಕ್ಕೂ ಕ್ಲಿಪ್ಪಿಗೆ ಒರೆಸಿ.

ಕಡಲತೀರದ ಟೀಚರ್: ಮುಟ್ಟಿಸದೆಯೂ ಅಗಲಿದವು! ಮೂರು ಸಲ ಒರೆಸಿದ ಮೇಲೆ ರೀಫಿಲ್ ತೆಗೆದರೂ ಹಾಗೇ ನಿಂತವು. ಅರವತ್ತು ಎಣಿಸಿದರೂ ಬೀಳಲಿಲ್ಲ. ಹಠಕ್ಕೆ ಹಳೇ ರಟ್ಟು ಹಾಕಿ ನೋಡಿದೆ, ನಾಲ್ಕು ಎಣಿಸುವಷ್ಟರಲ್ಲಿ ಬಿದ್ದವು. ಅಂದರೆ ನೀವಿಬ್ಬರು ಹೇಳಿದ್ದೂ ನಿಜ.

ಹಳೇ ಲ್ಯಾಬ್: ನಾನು ಅರ್ಧ ಹೇಳಿ ನಿಲ್ಲಿಸಿದ್ದೆ, ಒಪ್ಪಿಕೊಂಡೆ. ಸೋಮವಾರಕ್ಕೆ ಎರಡೂ ಮುಚ್ಚಳ ಇಟ್ಟುಕೊಳ್ಳಿ, ಮಕ್ಕಳೇ ಎಣಿಸಲಿ.

ಹೊಸಬ: ಮಧ್ಯೆ ಬಂದೆ, ಕ್ಷಮಿಸಿ. ಒರೆಸದೆ ಪ್ರೇರಣೆಯಿಂದಲೇ ಚಾರ್ಜ್ ಮಾಡಬಹುದಂತೆ. ರೀಫಿಲ್ ಹತ್ತಿರ ಹಿಡಿದು ಕ್ಲಿಪ್ಪಿಗೆ ಬೆರಳು ಮುಟ್ಟಿಸಿದೆ. ರೀಫಿಲ್ ತೆಗೆದೆ, ಬೆರಳು ತೆಗೆದೆ. ಏನೂ ಉಳಿಯಲಿಲ್ಲ.

ತಂತಿ-ಬಲ್ಬು: ಕ್ರಮ ತಿರುಗಿಸಿ. ಮೊದಲು ಬೆರಳು ತೆಗೆಯಿರಿ, ಆಮೇಲೆ ರೀಫಿಲ್. ಬೆರಳು ಅಲ್ಲೇ ಇದ್ದರೆ ಬಂದ ಚಾರ್ಜ್ ಅದೇ ದಾರಿಯಲ್ಲಿ ವಾಪಸ್ ಹೋಗುತ್ತದೆ. ಸರಿಯಾಗಿ ಮಾಡಿದರೆ ರೀಫಿಲ್ಲಿನದಕ್ಕೆ ವಿರುದ್ಧವಾದ ಚಾರ್ಜ್ ಉಳಿಯುತ್ತದೆ. ಅದೇ ರೀಫಿಲ್ಲನ್ನು ನಿಧಾನವಾಗಿ ಹತ್ತಿರ ತನ್ನಿ, ಪಟ್ಟಿಗಳು ಮೊದಲು ಕೂಡಿಕೊಳ್ಳಬೇಕು.

ಹೊಸಬ: ಕೂಡಿಕೊಂಡವು!