ಪದಚರ್ಚೆ: ‘ಪೋಕ್’ ಮತ್ತು ‘ಟೈಪ್-ಇನ್ ಲಿಸ್ಟಿಂಗ್’ – ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಎಂಬತ್ತರ ದಶಕದ ಬ್ರಿಟನ್ನಿನ ಹೋಮ್ ಕಂಪ್ಯೂಟರ್ ಪತ್ರಿಕೆಗಳ ಬಗ್ಗೆ ಕನ್ನಡದಲ್ಲಿ ಒಂದು ದೊಡ್ಡ ಲೇಖನ ಬರೆಯುತ್ತಿದ್ದೇನೆ. ‘ಸಿಂಕ್ಲೇರ್ ಯೂಸರ್’, ‘ಕ್ರ್ಯಾಶ್’, ‘ಯುವರ್ ಸಿಂಕ್ಲೇರ್’, ಕಮೋಡೋರ್ 64 ಕಂಪ್ಯೂಟರಿಗೆಂದೇ ಇದ್ದ ‘ಝ್ಯಾಪ್ 64’, ಇವುಗಳ ಹಳೆಯ ಸಂಚಿಕೆಗಳನ್ನು ಯಾರೋ ಪುಣ್ಯಾತ್ಮರು ಪುಟ ಪುಟವಾಗಿ ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್‌ಗೆ ಹಾಕಿದ್ದಾರೆ. ಮೂರು ತಿಂಗಳಿಂದ ರಾತ್ರಿಯೆಲ್ಲ ಅದೇ ಓದು. ಆಟಗಳ ವಿಮರ್ಶೆ, ಆಲಿವರ್ ಫ್ರೇ ಬಿಡಿಸಿದ ಮುಖಪುಟಗಳು, ಓದುಗರ ಪತ್ರಗಳು, ಇವನ್ನೆಲ್ಲ ಕನ್ನಡಕ್ಕೆ ತರುವುದು ಕಷ್ಟವಾಗಲಿಲ್ಲ. ಪತ್ರಗಳ ಅಂಕಣಕ್ಕಂತೂ ‘ವಾಚಕರ ವಾಣಿ’ ಅಂದರೆ ಸಾಕು, ಬೇರೆ ವಿವರಣೆ ಬೇಡ. ನಾನು ಸಿಕ್ಕಿಬಿದ್ದದ್ದು ಎರಡು ಕಡೆ.

ಮೊದಲನೆಯದು ‘ಟೈಪ್-ಇನ್ ಲಿಸ್ಟಿಂಗ್’. ಕಿರಿಯರಿಗಾಗಿ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. 1982ರ ಏಪ್ರಿಲ್‌ನಲ್ಲಿ ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಸಿಂಕ್ಲೇರ್ ಕಂಪನಿಯ ಹೋಮ್ ಕಂಪ್ಯೂಟರ್ ಬಿಡುಗಡೆಯಾದಾಗ 16ಕೆ ನೆನಪಿನ (ಮೆಮೊರಿ) ಮಾದರಿಗೆ 125 ಪೌಂಡ್, 48ಕೆ ಮಾದರಿಗೆ 175 ಪೌಂಡ್ ಬೆಲೆ. ಮನೆಯ ಟೀವಿಗೆ ಜೋಡಿಸಿ, ಕ್ಯಾಸೆಟ್ ಪ್ಲೇಯರ್‌ನಿಂದ ಆಟವನ್ನು ಲೋಡ್ ಮಾಡಿಕೊಳ್ಳಬೇಕು. ಪ್ರತಿ ತಿಂಗಳೂ ಹೊಸ ಕ್ಯಾಸೆಟ್ ಕೊಳ್ಳಲಾಗದ ಹುಡುಗರಿಗೆ ಪತ್ರಿಕೆಯೇ ಆಟದ ಅಂಗಡಿ. ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಇಡೀ ಆಟವನ್ನು 10, 20, 30 ಎಂದು ಸಾಲು ಸಂಖ್ಯೆ ಕೊಟ್ಟು ಎರಡು ಮೂರು ಪುಟಗಳಲ್ಲಿ ಅಚ್ಚು ಮಾಡುತ್ತಿದ್ದರು. ಓದುಗ ಅದನ್ನು ಪಕ್ಕದಲ್ಲಿಟ್ಟುಕೊಂಡು ಪೂರ್ತಿ ಟೈಪ್ ಮಾಡಬೇಕು. ಒಂದು ಅಲ್ಪವಿರಾಮ ತಪ್ಪಿದರೂ ಆಟ ಓಡುವುದಿಲ್ಲ. ಕೆಲವು ಪುಟಗಳನ್ನು ಝಡ್‌ಎಕ್ಸ್ ಪ್ರಿಂಟರ್‌ನ ಬೆಳ್ಳಿಬಣ್ಣದ ಕಾಗದದ ಮೇಲೆ ಬಂದ ಮುದ್ರಣದಿಂದಲೇ ನೇರವಾಗಿ ತೆಗೆದಿದ್ದಾರೆ. ಅಲ್ಲಿ 8 ಯಾವುದು, 3 ಯಾವುದು ಎಂದು ಸ್ಕ್ಯಾನ್ ಹಿಗ್ಗಿಸಿ ನೋಡಿದರೂ ನನಗೆ ತಿಳಿಯಲಿಲ್ಲ.

ಈ ಪಾಡು ನನಗೆ ಸ್ವಂತ ಗೊತ್ತು. ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು ಕೇಂದ್ರ ಸರ್ಕಾರ 1984ರಲ್ಲಿ ಶುರುಮಾಡಿದ ‘ಕ್ಲಾಸ್’ ಯೋಜನೆಯಲ್ಲಿ ನಾನು ಓದುತ್ತಿದ್ದ ಶಾಲೆಗೂ ಬಿಬಿಸಿ ಮೈಕ್ರೊ ಕಂಪ್ಯೂಟರುಗಳು ಬಂದಿದ್ದವು. ನಮ್ಮ ಗಣಿತದ ಮೇಷ್ಟ್ರು ಎಲ್ಲಿಂದಲೋ ಒಂದು ಇಂಗ್ಲಿಷ್ ಪತ್ರಿಕೆಯ ಪುಟಗಳ ಜೆರಾಕ್ಸ್ ತಂದುಕೊಟ್ಟರು. ಒಬ್ಬ ಓದಿ ಹೇಳುವುದು, ಒಬ್ಬ ಕೀಲಿ ಒತ್ತುವುದು, ಮೂರನೆಯವನು ಪರದೆ ನೋಡಿ ತಪ್ಪು ಹಿಡಿಯುವುದು. ಶನಿವಾರ ಬೆಳಿಗ್ಗೆ ಕೂತರೆ ಮಧ್ಯಾಹ್ನದ ಊಟದ ಹೊತ್ತಿಗೆ ಅರ್ಧ ಮುಗಿಯುತ್ತಿತ್ತು. ಆದರೆ ಆಗ ಅದನ್ನು ನಾವು ಕನ್ನಡದಲ್ಲಿ ಏನೆಂದು ಕರೆಯುತ್ತಿದ್ದೆವು ಎಂದು ಎಷ್ಟು ನೆನಪಿಸಿಕೊಂಡರೂ ‘ಪ್ರೋಗ್ರಾಮ್ ಹೊಡೆಯೋದು’ ಎನ್ನುವುದಷ್ಟೇ ಬರುತ್ತದೆ.

ನಿಘಂಟು ತೆಗೆದರೆ ಲಿಸ್ಟಿಂಗ್‌ಗೆ ‘ಪಟ್ಟಿ ಮಾಡುವಿಕೆ’ ಎಂದಿದೆ. ಇದು ಸರಿಹೋಗದು. ಪಟ್ಟಿ ಅಂದರೆ ದಿನಸಿ ಪಟ್ಟಿ, ಮತದಾರರ ಪಟ್ಟಿ. ಅಲ್ಲಿ ಒಂದು ಹೆಸರು ಮೇಲೆ ಕೆಳಗೆ ಆದರೂ ಕೆಲಸ ಕೆಡುವುದಿಲ್ಲ. ಇಂಗ್ಲಿಷಿನಲ್ಲಿ ಈ ಹೆಸರಿನ ನೆಂಟ ಬೇಸಿಕ್‌ನ ‘ಲಿಸ್ಟ್’ ಎಂಬ ಆಜ್ಞೆ. ಆ ಆಜ್ಞೆ ಕೊಟ್ಟರೆ ಯಂತ್ರದ ನೆನಪಿನಲ್ಲಿರುವ ಇಡೀ ಕ್ರಮವಿಧಿ (ಪ್ರೋಗ್ರಾಮ್) ಸಾಲುಸಾಲಾಗಿ ಪರದೆಗೆ ಬರುತ್ತದೆ. ನನಗೆ ಹೊಂದುತ್ತದೆ ಅನ್ನಿಸಿದ್ದು ‘ಪಾಠ’. ಶಾಲೆಯ ಪಾಠ ಅಲ್ಲ, ಹಸ್ತಪ್ರತಿ ಶಾಸ್ತ್ರದವರ ಪಾಠ: ಮೂಲಪಾಠ, ಪಾಠಾಂತರ, ಪಾಠದೋಷ. ಓಲೆಗರಿಗಳನ್ನು ಪ್ರತಿ ಮಾಡುತ್ತಿದ್ದ ಲಿಪಿಕಾರರು ಕೊನೆಯಲ್ಲಿ ‘ಯಾದೃಶಂ ಪುಸ್ತಕಂ ದೃಷ್ಟಂ ತಾದೃಶಂ ಲಿಖಿತಂ ಮಯಾ’ ಎಂದು ಬರೆದು, ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ ಎಂದು ಕೇಳಿಕೊಳ್ಳುತ್ತಿದ್ದರಲ್ಲ, ಶನಿವಾರದ ನಮ್ಮ ಕೆಲಸವೂ ಅದೇ ಜಾತಿಯದು. ಕಂಡ ಹಾಗೆ ಬರೆಯುವುದು. ಒಂದೇ ವ್ಯತ್ಯಾಸವೆಂದರೆ, ತಿದ್ದಿ ಓದಿಕೊಳ್ಳುವ ದೊಡ್ಡ ಮನಸ್ಸು ಯಂತ್ರಕ್ಕೆ ಇರಲಿಲ್ಲ.

ಸರಿ, ಲಿಸ್ಟಿಂಗ್ ‘ಪಾಠ’ವಾಯಿತು. ‘ಟೈಪ್-ಇನ್’ ಉಳಿಯಿತು. ಟೈಪ್ ಮಾಡುವುದಕ್ಕೆ ನಮ್ಮಲ್ಲಿ ಗಟ್ಟಿಯಾಗಿ ನೆಲೆಯಾದ ಪದ ಬೆರಳಚ್ಚು. ಆದರೆ ‘ಬೆರಳಚ್ಚು ಪಾಠ’ ಅಂದ ಕೂಡಲೇ ಟೈಪಿಂಗ್ ಇನ್‌ಸ್ಟಿಟ್ಯೂಟ್‌ನ ಬೆಂಚು ಕಣ್ಣಮುಂದೆ ಬರುತ್ತದೆ. ಜೂನಿಯರ್, ಸೀನಿಯರ್ ಪರೀಕ್ಷೆ ಕಟ್ಟಿದವರಿಗೆ ಅದು ಬೇರೆಯೇ ಅರ್ಥ. ಪೊಲೀಸ್ ಠಾಣೆಯ ಬೆರಳಚ್ಚು ಇನ್ನೊಂದು. ‘ಒತ್ತುಪಾಠ’ ಎಂದು ಬರೆದು ನೋಡಿದೆ. ಕೀಲಿ ಒತ್ತುವ ಒತ್ತು ಬದಲು ಒತ್ತಕ್ಷರದ ಒತ್ತು ಕೇಳಿಸಿತು, ಕೈಬಿಟ್ಟೆ. ಬೇಸರದ ಸಂಗತಿಯೆಂದರೆ ಸ್ಪೆಕ್ಟ್ರಮ್‌ಗೆ ‘ಅಕ್ಷರ ಅಕ್ಷರವಾಗಿ ಹೊಡೆಯುವ’ ಎಂಬ ವರ್ಣನೆ ಕೂಡ ಪೂರ್ತಿ ನಿಜವಲ್ಲ. ಆ ಯಂತ್ರದಲ್ಲಿ ಬೇಸಿಕ್ ಪದಗಳು ಒಂದೊಂದು ಕೀಲಿಗೆ ಇಡಿಯಾಗಿ ಬರುತ್ತಿದ್ದವು.

ಇದರ ನೆಂಟ ಪದ ಒಂದಿದೆ, ‘ಚೆಕ್‌ಸಮ್’. ಇದರಲ್ಲಿ ನನಗೆ ಗೊಂದಲವಿಲ್ಲ. ‘ತಾಳೆಮೊತ್ತ’ ಎಂದೇ ಬರೆಯುತ್ತೇನೆ. ಅಮೆರಿಕದ ‘ಕಂಪ್ಯೂಟ್ಸ್ ಗೆಜೆಟ್’ ಪತ್ರಿಕೆ ಕಮೋಡೋರ್ ಓದುಗರಿಗೆ ಕೊಟ್ಟ ‘ಆಟೊಮ್ಯಾಟಿಕ್ ಪ್ರೂಫ್‌ರೀಡರ್’ ಮಾಡುತ್ತಿದ್ದದ್ದು ಇದನ್ನೇ. ಒಂದು ಸಾಲು ಹೊಡೆದು ಮುಗಿಸಿದ ಕೂಡಲೇ ಆ ಸಾಲಿನ ಅಕ್ಷರಗಳ ಸಂಕೇತಗಳಿಂದ ಒಂದು ಅಂಕಿ ಲೆಕ್ಕಹಾಕಿ ಪರದೆಯ ಮೇಲೆ ತೋರಿಸುತ್ತಿತ್ತು. ಪತ್ರಿಕೆಯಲ್ಲಿ ಅಚ್ಚಾದ ಅಂಕಿಯೊಂದಿಗೆ ಅದು ತಾಳೆಯಾದರೆ ಮುಂದಿನ ಸಾಲು. ಕಿರಾಣಿ ಅಂಗಡಿಯ ಲೆಕ್ಕದಿಂದ ಬ್ಯಾಂಕಿನವರೆಗೆ ಎಲ್ಲರ ಬಾಯಲ್ಲೂ ಇರುವ ಮಾತು ‘ತಾಳೆ ಆಗ್ತಿಲ್ಲ’. ಇದಕ್ಕಿಂತ ಒಳ್ಳೆಯದು ಬೇಕೆ? ಆದರೆ ಅಕ್ಷರಗಳನ್ನು ಬರೀ ಕೂಡಿದರೆ ಎರಡು ಅಕ್ಷರ ಹಿಂದುಮುಂದಾದದ್ದು ಸಿಕ್ಕಿಬೀಳುವುದಿಲ್ಲ. ಅದಕ್ಕೆ ಅಕ್ಷರ ಎಷ್ಟನೆಯ ಜಾಗದಲ್ಲಿದೆ ಎಂಬುದನ್ನೂ ಲೆಕ್ಕಕ್ಕೆ ಸೇರಿಸಬೇಕಾಗುತ್ತದೆ.

ಈಗ ನನ್ನ ನಿದ್ದೆ ಕೆಡಿಸಿರುವ ಪದಕ್ಕೆ ಬರುತ್ತೇನೆ: ‘ಪೋಕ್’. ಇದರ ಜೊತೆಗಾತಿ ‘ಪೀಕ್’. ಎರಡೂ ಬೇಸಿಕ್‌ನ ಪದಗಳು. ನೆನಪಿನ ಒಂದು ಜಾಗದಲ್ಲಿ ಯಾವ ಅಂಕಿ ಇದೆ ಎಂದು ನೋಡುವುದು ಪೀಕ್, ಆ ಜಾಗಕ್ಕೆ 0ಯಿಂದ 255ರವರೆಗಿನ ಒಂದು ಅಂಕಿ ಹಾಕುವುದು ಪೋಕ್. ಅಳಗುಳಿಮಣೆ ಆಡಿದವರಿಗೆ ಇದನ್ನು ವಿವರಿಸುವುದು ಸುಲಭ. ಆ ಮಣೆಯಲ್ಲಿ 14 ಗುಳಿ, ಈ ಯಂತ್ರಗಳಲ್ಲಿ 65,536 ಗುಳಿ. ಗುಳಿಗೆ ಬಗ್ಗಿ ಹರಳೆಷ್ಟು ಎಂದು ನೋಡಿದರೆ ಪೀಕ್, ಇದ್ದದ್ದನ್ನು ತೆಗೆದು ಬೇರೆ ಎಣಿಕೆಯ ಹರಳು ಇಟ್ಟರೆ ಪೋಕ್. ಕಮೋಡೋರ್ 64ರಲ್ಲಿ ‘ಪೋಕ್ 53280,0’ ಎಂದು ಹೊಡೆದರೆ ಪರದೆಯ ಅಂಚು ಕಪ್ಪಾಗುತ್ತಿತ್ತು. ನಮ್ಮ ಬಿಬಿಸಿ ಮೈಕ್ರೊಗೆ ಈ ಪದವೇ ಗೊತ್ತಿರಲಿಲ್ಲ. ಅಲ್ಲಿ ಆ ಕೆಲಸಕ್ಕೆ ಬರೀ ಪ್ರಶ್ನಾರ್ಥಕ ಚಿಹ್ನೆ. ಬೇರೆ ಯಂತ್ರದ ಪಾಠವನ್ನು ಅರಿಯದೆ ಹೊಡೆದ ನಮಗೆ ಪೋಕ್ ಇದ್ದ ಕಡೆಯೆಲ್ಲ ‘ಮಿಸ್ಟೇಕ್’ ಎಂಬ ಉತ್ತರ ಬರುತ್ತಿತ್ತು.

ಪೀಕ್‌ಗೆ ‘ಇಣುಕು’ ಹೇಳಿ ಮಾಡಿಸಿದ ಹಾಗಿದೆ. ಧಾರವಾಡದ ಕಡೆಯವರು ‘ಹಣಿಕಿ ಹಾಕು’ ಅಂದರೂ ಸರಿಯೇ. ಪೋಕ್‌ಗೆ? ‘ತಿವಿ’ ಅಂದರೆ ಬೆರಳಿಂದಲೋ ಕೊಂಬಿಂದಲೋ ತಿವಿಯುವುದು. ಒಳಗೆ ಏನನ್ನೂ ಇಟ್ಟ ಹಾಗಾಗುವುದಿಲ್ಲ. ‘ತುರುಕು’ ಅಂದರೆ ತುಂಬಿದ ಚೀಲಕ್ಕೆ ಇನ್ನೊಂದು ಸೀರೆ ತುರುಕಿದ ಹಾಗೆ. ಇಲ್ಲಿ ಹಳೆಯ ಅಂಕಿ ಹೋಗಿ ಹೊಸದು ಕೂರುತ್ತದೆ, ಇಕ್ಕಟ್ಟಿನ ಮಾತೇ ಇಲ್ಲ. ‘ಚುಚ್ಚು’ ಪರವಾಗಿಲ್ಲ, ಚುಚ್ಚುಮದ್ದಿನ ನೆನಪು ಬರುತ್ತದೆ. ಆದರೆ ಇಣುಕಿನ ಪಕ್ಕದಲ್ಲಿ ಅದು ಜೋಡಿಯಾಗಿ ನಿಲ್ಲುವುದಿಲ್ಲ. ಪೀಕ್–ಪೋಕ್ ಜೋಡಿಯಾಗಿಯೇ ಹುಟ್ಟಿದ ಪದಗಳು. ಸ್ಪೆಕ್ಟ್ರಮ್‌ನಲ್ಲಿ ಎರಡೂ ಒಂದೇ ಕೀಲಿಯ ಮೇಲಿದ್ದವು.

ನನ್ನ ಆಯ್ಕೆ ‘ಕುಟುಕು’. ಇಣುಕು–ಕುಟುಕು. ಹೇಳಿ ನೋಡಿ, ಪೀಕ್–ಪೋಕ್‌ನ ಕುಣಿತ ಹಾಗೇ ಬರುತ್ತದೆ. ಹಕ್ಕಿ ಕುಟುಕಿದರೆ ಕಾಳು ಹೋಗುತ್ತದೆ, ಬರುವುದಿಲ್ಲವಲ್ಲ ಎಂದು ನನ್ನ ತಂಗಿ ಆಕ್ಷೇಪ ತೆಗೆದಳು. ನ್ಯಾಯವಾದ ಮಾತು. ಆದರೆ ಚೇಳೂ ಕುಟುಕುತ್ತದೆ. ಚೇಳು ಕುಟುಕಿದಾಗ ಸರಿಯಾಗಿ ಒಂದು ಜಾಗಕ್ಕೆ ಒಂದು ಹನಿ ಇಳಿಯುತ್ತದೆ, ಮೈಯೆಲ್ಲ ಬದಲಾಗುತ್ತದೆ. ಪೋಕ್ ಮಾಡುವುದೂ ಅಷ್ಟೇ. ಇನ್ನೊಂದು ಅನುಕೂಲವೆಂದರೆ ಇದು ಕ್ರಿಯಾಪದವಾಗಿಯೂ ನಾಮಪದವಾಗಿಯೂ ನಡೆಯುತ್ತದೆ. ‘ಕುಟುಕು ಕಾರ್ಯಾಚರಣೆ’ ಎಂದು ಪತ್ರಿಕೆಗಳು ದಿನಾ ಬರೆಯುತ್ತವೆ. ನಮಗೆ ನಾಮಪದ ಬೇಕೇ ಬೇಕು. ಏಕೆಂದರೆ ಈ ಪತ್ರಿಕೆಗಳಲ್ಲಿ ಪೋಕ್ ಎನ್ನುವುದು ಬರುಬರುತ್ತ ಆಜ್ಞೆಯ ಹೆಸರಾಗಿ ಉಳಿಯದೆ ಒಂದು ವಸ್ತುವಾಯಿತು. ಓದುಗರು ಆಟದ ನಡೆಯನ್ನೇ ಬದಲಿಸುವ ಪೋಕ್‌ಗಳನ್ನು ಹುಡುಕಿದರು, ಅಂಚೆಯಲ್ಲಿ ಕಳಿಸಿದರು. ಸಂಪಾದಕರು ಅವನ್ನು ಅಂಕಣದಲ್ಲಿ ಹಾಕಿದರು.

ಇಲ್ಲೇ ಒಂದು ಎಚ್ಚರಿಕೆಯೂ ಇದೆ. ಕೆಲವರು ಪೋಕನ್ನು ನೇರವಾಗಿ ‘ಮೋಸದ ಸಂಕೇತ’ (ಚೀಟ್ ಕೋಡ್) ಎಂದು ಅನುವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಮ್ಯಾಥ್ಯೂ ಸ್ಮಿತ್ ಬರೆದ, 1984ರಲ್ಲಿ ಬಂದ ‘ಜೆಟ್ ಸೆಟ್ ವಿಲ್ಲಿ’ ಆಟವನ್ನೇ ನೋಡಿ. ಅದರಲ್ಲಿ ಅಟ್ಟದ ಕೋಣೆಗೆ ಹೋದರೆ ನೆನಪಿನ ಬೇರೆ ಭಾಗಗಳು ಕೆಟ್ಟು, ಆಮೇಲೆ ಕೆಲವು ಕೋಣೆಗಳಿಗೆ ಕಾಲಿಟ್ಟ ತಕ್ಷಣ ಸಾವು. ಆಟವನ್ನು ಮುಗಿಸಲು ಸಾಧ್ಯವೇ ಇರಲಿಲ್ಲ. ಆ ದೋಷವನ್ನು ಸರಿಪಡಿಸಿದ್ದೂ ಪತ್ರಿಕೆಗಳಲ್ಲಿ ಅಚ್ಚಾದ ಪೋಕ್‌ಗಳೇ. ಮದ್ದಿಗೂ ವಿಷಕ್ಕೂ ಅದೇ ಹೆಸರು. ಹಾಗಾಗಿ ಪದ ತಟಸ್ಥವಾಗಿರಬೇಕು.

ಅದೇ ಆಟಕ್ಕೆ ‘ಪೋಕ್ 35899,0’ ಕೊಟ್ಟರೆ ‘ಇನ್‌ಫಿನಿಟ್ ಲೈವ್ಸ್’. ಇದನ್ನು ಮೊದಲು ‘ಅನಂತ ಜೀವ’ ಎಂದು ಬರೆದಿದ್ದೆ. ಆಮೇಲೆ ಅದು ಕೆಲಸ ಮಾಡುವ ರೀತಿ ನೋಡಿದೆ. ಆ ಜಾಗದಲ್ಲಿ ಮೊದಲು ಇದ್ದದ್ದು ‘ಒಂದು ಜೀವ ಕಳೆ’ ಎಂಬ ಯಂತ್ರಾಜ್ಞೆ. 0 ಹಾಕಿದರೆ ಸ್ಪೆಕ್ಟ್ರಮ್‌ನ ಝಡ್80 ಪ್ರೊಸೆಸರ್‌ಗೆ ಅದು ‘ಏನೂ ಮಾಡಬೇಡ’ ಎಂದಾಗುತ್ತದೆ. ಜೀವಗಳ ಎಣಿಕೆ ಅನಂತವಾಗುವುದೇ ಇಲ್ಲ, ಇದ್ದಷ್ಟೇ ಇರುತ್ತದೆ. ಸತ್ತರೂ ಕಳೆಯುವುದಿಲ್ಲ ಅಷ್ಟೆ. ಕ್ಷಯವಾಗದ್ದಕ್ಕೆ ನಮ್ಮಲ್ಲಿ ಪದವಿದೆ, ಅಕ್ಷಯ. ದ್ರೌಪದಿಯ ಪಾತ್ರೆ ಗೊತ್ತಿರುವ ಯಾವ ಕನ್ನಡಿಗರಿಗೂ ‘ಅಕ್ಷಯ ಜೀವ’ವನ್ನು ಬಿಡಿಸಿ ಹೇಳಬೇಕಿಲ್ಲ. ಇಂಗ್ಲಿಷಿನ ಮಾತಿಗಿಂತ ಇದೇ ಯಂತ್ರದ ನಡೆಗೆ ಹತ್ತಿರ ಎಂದು ನನಗೆ ಬಹಳ ಸಂತೋಷವಾಯಿತು.

ಮುಖಪುಟಕ್ಕೆ ಕ್ಯಾಸೆಟ್ಟನ್ನೇ ಅಂಟಿಸಿ ಕೊಡುವ ‘ಕವರ್ ಟೇಪ್’ ಕಾಲಕ್ಕೆ ‘ಮುಖಪುಟದ ಕ್ಯಾಸೆಟ್’ ಎಂದು ಬರೆದು ಮುಂದೆ ಹೋಗಿದ್ದೇನೆ.

ಹಾಗಾಗಿ ನನ್ನ ಕೋರಿಕೆ ಇಷ್ಟು. ಇಣುಕು–ಕುಟುಕು ಜೋಡಿಯಲ್ಲಿ ನಿಮಗೆ ಕೊರತೆ ಕಂಡರೆ ದಯವಿಟ್ಟು ತಿಳಿಸಿ, ಪ್ರಯೋಗದ ಉದಾಹರಣೆ ಸಹಿತ. ‘ಟೈಪ್-ಇನ್’ಗೆ ಮಾತ್ರ ನನ್ನ ಕೈ ಖಾಲಿ. ಅಚ್ಚುಕೂಟದಲ್ಲಿ ದುಡಿದ ಹಿರಿಯರು ಇಲ್ಲಿದ್ದೀರಿ. ಬೇರೆಯವರ ಬರಹವನ್ನು ನೋಡಿಕೊಂಡು ಮೊಳೆ ಜೋಡಿಸುವಾಗ, ಎದುರಿಗೆ ಇಟ್ಟುಕೊಂಡ ಆ ಹಾಳೆಗೆ ನಿಮ್ಮಲ್ಲಿ ಏನಾದರೂ ಹೆಸರಿತ್ತೆ? ಹಾಗೆಯೇ, ಆ ಕಾಲದಲ್ಲಿ ಶಾಲೆಯಲ್ಲಿ ಬಿಬಿಸಿ ಮೈಕ್ರೊ ಮುಟ್ಟಿದವರು ಯಾರಾದರೂ ಇದ್ದರೆ, ‘ಪ್ರೋಗ್ರಾಮ್ ಹೊಡೆಯೋದು’ ಬಿಟ್ಟು ನಿಮ್ಮ ಊರಿನಲ್ಲಿ ಬೇರೆ ಏನನ್ನುತ್ತಿದ್ದಿರಿ?