ಪ್ರಯೋಗದ ಹೊಲಕ್ಕೆ ಬ್ಲಾಕ್ ಸೇರಿಸಿದರೂ ಸಿವಿ ಇಳಿಯುತ್ತಿಲ್ಲ

ರಾಗಿಹೊಲ:
ಕೋಲಾರದ ಕಡೆ ಕೆಂಪು ಮಣ್ಣಿನ ಹೊಲ. 36 ರಾಗಿ ತಳಿ, 3 ರೆಪ್ಲಿಕೇಶನ್ (ಎಲ್ಲ ತಳಿಯೂ ಒಂದೊಂದು ಸಲ ಬರುವ ಭಾಗ), ಒಟ್ಟು 108 ಪ್ಲಾಟ್. ಒಂದು ಸಾಲಿಗೆ 6 ಪ್ಲಾಟ್‌ನಂತೆ 18 ಸಾಲು. ಮೊದಲ 6 ಸಾಲು ಒಂದನೇ ರೆಪ್ಲಿಕೇಶನ್, ಹೀಗೇ ಮುಂದೆ. ಹೊಲ ಪೂರ್ವಕ್ಕೆ ಇಳಿಜಾರು. ಮಳೆ ಕೈಕೊಟ್ಟಿತು, ಬದುವಿನ ಪಕ್ಕ ತೇವ ಉಳಿದಲ್ಲಿ ಮಾತ್ರ ತೆನೆ ಚೆನ್ನಾಗಿ ತುಂಬಿತು. ರೆಪ್ಲಿಕೇಶನ್ ಮಾತ್ರ ಲೆಕ್ಕಕ್ಕಿಡುವ ಮಾಮೂಲಿ ಆರ್‌ಸಿಬಿಡಿ ಅನೋವಾದಲ್ಲಿ (ಏರುಪೇರನ್ನು ಕಾರಣವಾರು ಹಂಚುವ ಲೆಕ್ಕ) ಸಿವಿ, ಅಂದರೆ ಸರಾಸರಿಗೆ ಹೋಲಿಸಿ ಕಾರಣ ಸಿಗದೆ ಉಳಿದ ಏರುಪೇರು, ಶೇಕಡಾ 24. ಆರ್ ಸಾಫ್ಟ್‌ವೇರ್‌ನಲ್ಲಿ ಕಾಲಂ ನಂಬರನ್ನೂ (ಸಾಲಿನಲ್ಲಿ ಪ್ಲಾಟ್ ಎಷ್ಟನೆಯದು ಅಂತ) ಬ್ಲಾಕ್, ಅಂದರೆ ಒಂದೇ ಬಗೆಯ ನೆಲದ ಗುಂಪು, ಅಂತ ಸೇರಿಸಿದೆ. ಏನೂ ಬದಲಾಗಲಿಲ್ಲ!

ಕೂರಿಗೆ:
ಅನೋವಾ ಪಟ್ಟಿಯಲ್ಲಿ ಕಾಲಂ ಎದುರಿಗೆ ಡಿಎಫ್ (ಸ್ವಾತಂತ್ರ್ಯದ ಮಟ್ಟ; ಗುಂಪುಗಳಾದರೆ ಗುಂಪಿನ ಸಂಖ್ಯೆಗಿಂತ ಒಂದು ಕಡಿಮೆ) ಎಷ್ಟಿದೆ? 1 ಇದ್ದರೆ ಆರ್ ಅದನ್ನು ಬರೀ ಅಂಕಿ ಅಂತ ತಿಳಿದು ಒಂದು ನೇರ ಗೆರೆ ಎಳೆದಿದೆ ಅಷ್ಟೇ. ಫ್ಯಾಕ್ಟರ್ ಮಾಡಿ, ಅಂದರೆ ಅದು ಅಂಕಿಯಲ್ಲ, ಗುಂಪಿನ ಹೆಸರು ಅಂತ ಆರ್‌ಗೆ ತಿಳಿಸಿ. ಆಗ ಕಾಲಂಗೆ 5, ಎರರ್‌ಗೆ (ಕಾರಣ ಸಿಗದೆ ಉಳಿದ ಏರುಪೇರಿಗೆ) 65 ಬರಬೇಕು. ಮಾಡೆಲ್‌ನಲ್ಲಿ ರೆಪ್ಲಿಕೇಶನ್, ಕಾಲಂ ಮೊದಲು ಬರೆಯಿರಿ, ತಳಿ ಕೊನೆಗೆ. ಎಲ್ಲ ಕಾಲಂನಲ್ಲೂ ಎಲ್ಲ ತಳಿ ಇಲ್ಲವಲ್ಲ, ಬರೆಯುವ ಕ್ರಮ ಬದಲಾದರೆ ಉತ್ತರವೂ ಬದಲಾಗುತ್ತೆ.

ರಾಗಿಹೊಲ:
ಹೌದು ಸರ್, 1 ಇತ್ತು. ಈಗ 5, 65 ಸರಿಯಾಗಿ ಬಂತು. ಆದರೆ ಸಿವಿ ಇದ್ದಲ್ಲೇ ಇದೆ.

ಕೂರಿಗೆ:
ನನಗೂ ಅದೇ ಅನುಮಾನ ಇತ್ತು. ಇಳಿಜಾರು ಒಂದೇ ಕಡೆಗಿದ್ದರೆ ಆ ನೇರ ಗೆರೆಯೇ ಸ್ವಲ್ಪ ಹಿಡಿಯಬೇಕಿತ್ತು. ಕಾಲಂ ನಂಬರ್ ಎಲ್ಲಿಂದ ತಂದಿರಿ? ಹೊಲದಲ್ಲಿ 7ನೇ ಪ್ಲಾಟ್ 1ರ ಪಕ್ಕ ಇದೆಯೋ, 6ರ ಪಕ್ಕವೋ?

ರಾಗಿಹೊಲ:
ಎಕ್ಸೆಲ್‌ನಲ್ಲಿ ಆರಾರು ಪ್ಲಾಟಿಗೆ 1ರಿಂದ 6 ಅಂತ ಎಳೆದುಬಿಟ್ಟೆ. 7 ಇರೋದು 6ರ ಪಕ್ಕ. ಬೀಜದ ಪೊಟ್ಟಣ ಇಡುತ್ತಾ ಬದುವಿನ ತನಕ ಹೋಗಿ, ಹಾಗೇ ತಿರುಗಿ ಬಂದಿದ್ವಿ... ಅಯ್ಯೋ.

ಕೂರಿಗೆ:
ಸಿಕ್ಕಿತಲ್ವಾ! ಹಾವು ಹರಿದ ಹಾಗೆ ನಂಬರ್ ಹಾಕಿದ್ದೀರಿ. ಬದುವಿಗೆ ಅಂಟಿಕೊಂಡ 7ನೇ ಪ್ಲಾಟ್ ನಿಮ್ಮ ಫೈಲಿನಲ್ಲಿ ಒಣ ತುದಿಗೆ, ಒಂದನೇ ಕಾಲಂಗೆ ಹೋಗಿ ಕೂತಿದೆ. ಪ್ರತಿ ಕಾಲಂನಲ್ಲೂ ಅರ್ಧ ತೇವ, ಅರ್ಧ ಒಣ. ಇಳಿಜಾರು ಅಲ್ಲೇ ವಜಾ ಆಯ್ತು. ಸರಿ ಸಂಖ್ಯೆಯ ಸಾಲುಗಳಲ್ಲಿ 7ರಿಂದ ಈಗಿನ ಕಾಲಂ ನಂಬರ್ ಕಳೆಯಿರಿ.

ಆಮೇಲೆ ಕಾಲಂ ಸೇರಿಸದ ಮಾಡೆಲ್‌ನ ರೆಸಿಡ್ಯುಯಲ್‌ಗಳನ್ನು (ಪ್ರತಿ ಪ್ಲಾಟಿನಲ್ಲಿ ಮಾಡೆಲ್ ಹೇಳಿದ್ದಕ್ಕೂ ನಿಜವಾಗಿ ಬಂದದ್ದಕ್ಕೂ ಇರುವ ವ್ಯತ್ಯಾಸ) ಹೊಲದ ನಕ್ಷೆಯಂತೆ 18 ಸಾಲು, 6 ಕಾಲಂನಲ್ಲಿ ಜೋಡಿಸಿ ಬಣ್ಣ ಹಾಕಿ. ನಾನು ಇದನ್ನು ಮೊದಲು ಮಾಡದೆ ಬ್ಲಾಕ್ ಮುಟ್ಟುವುದೇ ಇಲ್ಲ. ಬಣ್ಣ ಪಟ್ಟೆಯಾಗಿ ಕಂಡರೆ ಕಾಲಂ ಸಾಕು. ಅಲ್ಲಲ್ಲಿ ತೇಪೆ ಹಾಕಿದಂತೆ ಕಂಡರೆ ಆರ್‌ನ ಸ್ಪ್ಯಾಟ್ಸ್ ಪ್ಯಾಕೇಜ್ ನೋಡಿ, ಅದು ಹೊಲದ ಮೇಲೆ ಬಾಗುವ ಮೇಲ್ಮೈಯನ್ನೇ ಕೂರಿಸುತ್ತೆ. ರೆಪ್ಲಿಕೇಶನ್ ಮಾತ್ರ ತೆಗೆಯಬೇಡಿ, ತಳಿಗಳನ್ನು ಚೀಟಿ ಎತ್ತಿ ಹಂಚಿದ್ದು ಅದರೊಳಗೇ. ತಳಿಗೆ ಸ್ಟಾರ್ (ವ್ಯತ್ಯಾಸ ಗಣನೀಯ ಎಂಬ ಗುರುತು) ಬರುವ ತನಕ ಬಗೆಬಗೆ ಬ್ಲಾಕ್ ಹಾಕಿ ನೋಡುವುದಂತೂ ಬೇಡವೇ ಬೇಡ.

ರಾಗಿಹೊಲ:
ಪಟ್ಟೆ ಪಟ್ಟೆಯಾಗಿಯೇ ಕಂಡಿತು ಸರ್. ಸಿವಿ 15ಕ್ಕೆ ಇಳಿಯಿತು. ಚೆಕ್ ಆಗಿದ್ದ, ಅಂದರೆ ಹೋಲಿಕೆಗೆ ಹಾಕಿದ್ದ ಜಿಪಿಯು-28 ತಳಿ ಎರಡು ರೆಪ್ಲಿಕೇಶನ್‌ನಲ್ಲಿ ಬದುವಿನ ಪಕ್ಕವೇ ಬಿದ್ದಿತ್ತು. ಸರಾಸರಿಯಲ್ಲಿ ಮೊದಲಿದ್ದದ್ದು ಈಗ ಐದನೇ ಸ್ಥಾನ. ವರದಿಗೆ ಯಾವ ಸರಾಸರಿ ಹಾಕಲಿ?

ಕೂರಿಗೆ:
ಆರ್‌ನ ಎಮ್ಮೀನ್ಸ್ ಪ್ಯಾಕೇಜ್ ಕೊಡುವ, ಕಾಲಂನ ಪ್ರಭಾವ ಕಳೆದು ಹೊಂದಿಸಿದ ಸರಾಸರಿ. ಹಳೆಯದು ಬೇಡ, ಅದರಲ್ಲಿ ಬದುವಿನ ತೇವವೂ ಸೇರಿದೆ.